ಭಾಷಾ ತರಗತಿಯ ನಗೆ: ಹಳೆಯ ದೂರದರ್ಶನ ಹಾಸ್ಯದಲ್ಲಿ ಜನಾಂಗೀಯ ಸಿದ್ಧಮಾದರಿಗಳು

1

ಹಳೆಯ ದೂರದರ್ಶನ ಹಾಸ್ಯ ಧಾರಾವಾಹಿಗಳು ಬೇರೆ ಬೇರೆ ಜನಾಂಗ, ಪ್ರಾಂತ ಹಾಗೂ ಭಾಷೆಗಳ ಜನರನ್ನು ಸಿದ್ಧಮಾದರಿಗಳಾಗಿ ಚಿತ್ರಿಸಿದ ಬಗೆಯನ್ನು ಕುರಿತು ಸಾಮಾನ್ಯವಾಗಿ ಎರಡು ನಿಲುವುಗಳು ಕೇಳಿಬರುತ್ತವೆ. ಇವು ಸಮುದಾಯಗಳನ್ನು ಅವಮಾನಿಸುವ ಚಿತ್ರಗಳು ಎಂಬುದು ಮೊದಲನೆಯದು. ಇವು ನಿರುಪದ್ರವಿಯಾದ ವಿನೋದ, ಗೇಲಿಗೆ ಗುರಿಯಾದವರೇ ಮನಸಾರೆ ನಕ್ಕಿದ್ದಾರೆ ಎಂಬುದು ಎರಡನೆಯದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ನಿಲುವುಗಳಿಗೆ ಆಧಾರ ಮಾತ್ರ ಒಂದೇ: ನೋಡುಗನ ಭಾವನೆ. ನೊಂದವನು ತನ್ನ ನೋವನ್ನು, ನಕ್ಕವನು ತನ್ನ ನಗೆಯನ್ನು ಸಾಕ್ಷಿಯಾಗಿ ಮುಂದಿಡುತ್ತಾನೆ. ಒಂದೇ ದೃಶ್ಯಕ್ಕೆ ಒಂದೇ ಮನೆಯಲ್ಲಿ ಈ ಎರಡೂ ಪ್ರತಿಕ್ರಿಯೆಗಳು ಹುಟ್ಟಬಹುದಾದ್ದರಿಂದ ಭಾವನೆಯೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಕೃತಿಯ ಒಳರಚನೆಯಲ್ಲಿ ದೊರೆಯುವ ಪ್ರಮಾಣಗಳನ್ನು ಹುಡುಕುವುದು ವಿಮರ್ಶೆಯ ಕೆಲಸ.

ಈ ದೃಷ್ಟಿಯಿಂದ ಪ್ರಸ್ತುತ ಲೇಖನದಲ್ಲಿ ಎರಡು ಧಾರಾವಾಹಿಗಳನ್ನು ಪರಿಶೀಲಿಸಲಾಗಿದೆ. ಒಂದು, 1977ರಿಂದ 1979ರವರೆಗೆ ಲಂಡನ್ ವೀಕೆಂಡ್ ಟೆಲಿವಿಷನ್ ನಿರ್ಮಿಸಿದ ‘ಮೈಂಡ್ ಯುವರ್ ಲ್ಯಾಂಗ್ವೇಜ್’. ಇನ್ನೊಂದು, ಅದೇ ಕಲ್ಪನೆಯನ್ನು ಭಾರತಕ್ಕೆ ತಂದು 1993ರಲ್ಲಿ ದೂರದರ್ಶನದ ಮೆಟ್ರೋ ವಾಹಿನಿಯಲ್ಲಿ ಆರಂಭವಾದ ಹಿಂದಿಯ ‘ಜಬಾನ್ ಸಂಭಾಲ್ ಕೆ’. ಎರಡರ ರಂಗವೂ ಭಾಷಾ ತರಗತಿಯೇ. ತಮ್ಮದಲ್ಲದ ಭಾಷೆಯ ನಡುವೆ ಬದುಕು ಕಟ್ಟಿಕೊಂಡಿರುವ ಹೊರನಾಡ ಕನ್ನಡಿಗರಿಗೆ ಈ ವಸ್ತು ದೂರದ್ದೇನಲ್ಲ.

2

‘ಮೈಂಡ್ ಯುವರ್ ಲ್ಯಾಂಗ್ವೇಜ್’ನ ಕರ್ತೃ ವಿನ್ಸ್ ಪೊವೆಲ್. ಲಂಡನ್ನಿನ ವಯಸ್ಕರ ಶಾಲೆಯೊಂದರ ಸಂಜೆ ತರಗತಿಯಲ್ಲಿ ಪರದೇಶದವರಿಗೆ ಇಂಗ್ಲಿಷ್ ಕಲಿಸುವ ಜೆರೆಮಿ ಬ್ರೌನ್ ಎಂಬ ಶಿಕ್ಷಕನ ಪಾತ್ರವನ್ನು ಬ್ಯಾರಿ ಇವಾನ್ಸ್ ವಹಿಸಿದ್ದರು. ವಿದ್ಯಾರ್ಥಿಗಳಲ್ಲಿ ಇಟಲಿ, ಗ್ರೀಸ್, ಸ್ಪೇನ್, ಫ್ರಾನ್ಸ್, ಜರ್ಮನಿ, ಜಪಾನ್, ಚೀನಾಗಳವರಿದ್ದಾರೆ. ನಮ್ಮ ಉಪಖಂಡದಿಂದ ಹೋದವರು ಮೂವರು: ಸಿಖ್ಖನಾದ ರಂಜೀತ್ ಸಿಂಗ್, ಪಾಕಿಸ್ತಾನದ ಅಲಿ ನದೀಮ್, ತರಗತಿಯಲ್ಲಿ ಹೆಣಿಗೆ ಹಾಕುತ್ತ ಕೂರುವ ಗೃಹಿಣಿ ಜಮೀಲಾ.

ಪಾತ್ರಧಾರಿಗಳ ಆಯ್ಕೆಯೇ ಗಮನಾರ್ಹವಾದುದು. ಪಂಜಾಬಿನ ಸಿಖ್ಖನಾಗಿ ನಟಿಸಿದ ಆಲ್ಬರ್ಟ್ ಮೋಸೆಸ್ ಹುಟ್ಟಿದ್ದು ಶ್ರೀಲಂಕಾದಲ್ಲಿ. ಪಾಕಿಸ್ತಾನಿಯಾಗಿ ನಟಿಸಿದ ಡೀನೋ ಶಫೀಕ್ ಹುಟ್ಟಿದ್ದು ಢಾಕಾದಲ್ಲಿ. ಧಾರಾವಾಹಿ ಆರಂಭವಾಗುವ ಹೊತ್ತಿಗೆ ಢಾಕಾ ಪಾಕಿಸ್ತಾನದಿಂದ ಬೇರೆಯಾಗಿ ಆರು ವರ್ಷಗಳಾಗಿದ್ದವು. ಚೀನೀ ಮಹಿಳೆಯ ಪಾತ್ರ ವಹಿಸಿದ ಪಿಕ್-ಸೆನ್ ಲಿಮ್ ಮಲಯದ ಪೆನಾಂಗ್‌ನವರು. ಗ್ರೀಕನ ಪಾತ್ರ ವಹಿಸಿದ ಕೆವೋರ್ಕ್ ಮಲಿಕ್ಯಾನ್ ತುರ್ಕಿಯಲ್ಲಿ ಹುಟ್ಟಿದ ಆರ್ಮೇನಿಯನ್. ನಟನಾದವನು ತನ್ನದಲ್ಲದ ಪಾತ್ರವನ್ನು ವಹಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಜನರ ನಡುವಣ ಭೇದಗಳನ್ನೇ ಬಂಡವಾಳ ಮಾಡಿಕೊಂಡ ಹಾಸ್ಯವೊಂದು ನಿಜವಾದ ಭೇದಗಳ ಬಗ್ಗೆ ಇಷ್ಟು ನಿರಾಸಕ್ತವಾಗಿದೆ ಎಂಬುದು ಇದರಿಂದ ತಿಳಿಯುತ್ತದೆ. ಅದಕ್ಕೆ ಬೇಕಾಗಿದ್ದುದು ಸಿಖ್ಖನಲ್ಲ, ಸಿಖ್ಖನ ಪೇಟ. ಚೀನೀಯಳಲ್ಲ, ಆಕೆಯ ಕೈಯಲ್ಲಿರುವ ಮಾವೋ ಸೂಕ್ತಿಗಳ ಕೆಂಪು ಪುಸ್ತಕ.

3

ಈ ಧಾರಾವಾಹಿಯ ನಗೆಯನ್ನು ಒಂದೇ ಬಗೆಯದೆಂದು ಭಾವಿಸುವುದು ಸರಿಯಾಗದು. ವಿಶ್ಲೇಷಣೆಯ ಅನುಕೂಲಕ್ಕಾಗಿ ಅದನ್ನು ಮೂರು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ಕಲಿಕೆಯ ತಪ್ಪಿನಿಂದ ಹುಟ್ಟುವ ನಗೆ. ನಾನಾರ್ಥವುಳ್ಳ ಪದ, ನುಡಿಗಟ್ಟಿನ ವಾಚ್ಯಾರ್ಥ, ಉಚ್ಚಾರಣೆಯ ಸಾಮ್ಯ ಇವು ಇದರ ಮೂಲಗಳು. ಇಲ್ಲಿ ನಗುವುದು ಭಾಷೆಯ ವಕ್ರತೆಗೆ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತ ಯಾರಿಗಾದರೂ ಈ ನಗೆಯಲ್ಲಿ ಪಾಲುಂಟು. ಭಾರತ, ಪಾಕಿಸ್ತಾನ, ಶ್ರೀಲಂಕಾಗಳಲ್ಲಿ ಈ ಧಾರಾವಾಹಿ ಜನಪ್ರಿಯವಾದುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ. ತೆರೆಯ ಮೇಲಿನ ತಪ್ಪನ್ನು ಗುರುತಿಸಬಲ್ಲ ನಮ್ಮ ನೋಡುಗ ಆ ಕ್ಷಣದಲ್ಲಿ ಶಿಕ್ಷಕನ ಪಕ್ಕದಲ್ಲಿ ನಿಂತಿರುತ್ತಾನೆ. ತಾನು ಆ ಬೆಂಚನ್ನು ದಾಟಿ ಬಂದೆನೆಂಬ ಸಮಾಧಾನ ಅವನ ನಗೆಯಲ್ಲಿ ಬೆರೆತಿರುತ್ತದೆ. ಆದ್ದರಿಂದ ‘ಗುರಿಯಾದವರೇ ನಕ್ಕರು’ ಎಂಬ ವಾದವನ್ನು ಹಾಗೆಯೇ ಒಪ್ಪುವಂತಿಲ್ಲ. ನಕ್ಕವರು ತಾವು ಗುರಿಯಲ್ಲವೆಂದು ಭಾವಿಸಿಕೊಂಡೇ ನಕ್ಕಿರುವ ಸಾಧ್ಯತೆಯೂ ಉಂಟು.

ಎರಡನೆಯದು ಸ್ವಭಾವದ ನಗೆ. ಜರ್ಮನ್ ಹೆಣ್ಣು ಶಿಸ್ತಿನ ಯಂತ್ರ, ಫ್ರೆಂಚ್ ಹೆಣ್ಣು ಶೃಂಗಾರದ ಗೊಂಬೆ, ಜಪಾನಿ ಮಾತುಮಾತಿಗೂ ತಲೆಬಾಗುವ ಕಂಪನಿ ನೌಕರ. ಇಲ್ಲಿ ತಪ್ಪು ಎಂಬುದೇ ಇಲ್ಲ. ಆದ್ದರಿಂದ ತಿದ್ದಿಕೊಳ್ಳುವುದಕ್ಕೂ ಅವಕಾಶವಿಲ್ಲ. ಕಲಿಕೆಯ ತಪ್ಪು ಇಂದಿನದು, ನಾಳೆ ಇಲ್ಲವಾಗಬಹುದು, ಸ್ವಭಾವವಾದರೋ ಶಾಶ್ವತ. ಹಾಸ್ಯ ಧಾರಾವಾಹಿ ವಾರವಾರವೂ ಮರಳಿ ಬರಬೇಕಾದುದರಿಂದ ಮೊದಲನೆಯ ಬಗೆಯ ನಗೆಯೂ ಕ್ರಮೇಣ ಎರಡನೆಯದಾಗಿ ಗಟ್ಟಿಯಾಗುತ್ತದೆ. ರಂಜೀತ್ ಸಾವಿರ ಬಾರಿ ಕ್ಷಮೆ ಕೇಳುವುದನ್ನು ಬಿಡುವಂತಿಲ್ಲ. ಜಪಾನಿಯ ಪದಾಂತ್ಯದ ಓಕಾರ ಹೋಗುವಂತಿಲ್ಲ. ಕಲಿಸುವುದೇ ಉದ್ದೇಶವಾದ ತರಗತಿಯಲ್ಲಿ ಯಾರೂ ಕಲಿಯಕೂಡದು ಎಂಬುದು ಪ್ರಕಾರವೇ ವಿಧಿಸುವ ನಿಯಮವಾಗುತ್ತದೆ. ಒಬ್ಬನನ್ನು ಬದಲಾಗದಂತೆ ಹಿಡಿದಿಡುವುದೇ ಸಿದ್ಧಮಾದರಿಯ ಮೂಲ ಲಕ್ಷಣವಾದ್ದರಿಂದ ಈ ಪ್ರಕಾರಕ್ಕೂ ಅದಕ್ಕೂ ಸಹಜವಾದ ನಂಟಿದೆ.

ಮೂರನೆಯದು ಪರಸ್ಪರ ನಿಂದೆಯ ನಗೆ. ರಂಜೀತ್ ಮತ್ತು ಅಲಿ ಧರ್ಮದ ಹೆಸರಿನಲ್ಲಿ ಕಚ್ಚಾಡುತ್ತಾರೆ. ಚೀನೀ ಮಹಿಳೆ ಮತ್ತು ಜಪಾನಿ ಹೀಗಳೆದುಕೊಳ್ಳುತ್ತಾರೆ. ಬ್ರೌನ್ ನಡುವೆ ನಿಂತು ಸಮಾಧಾನಪಡಿಸುತ್ತಾನೆ. ಸಿಖ್ಖ ಮತ್ತು ಪಾಕಿಸ್ತಾನಿಯ ಜಗಳದ ಹಿಂದೆ 1947ರ ವಿಭಜನೆಯಿದೆ, ಅದರ ಹಿಂದೆ ಬ್ರಿಟಿಷ್ ಆಳ್ವಿಕೆಯಿದೆ. ತರಗತಿಯಲ್ಲಿ ಈ ಚರಿತ್ರೆ ಮರೆಯಾಗಿ ಜಗಳ ಆ ಜನರ ಹುಟ್ಟುಗುಣವೆಂಬಂತೆ ಕಾಣುತ್ತದೆ. ಚರಿತ್ರೆಯಲ್ಲಿ ಪಕ್ಷಗಾರನಾದವನು ಇಲ್ಲಿ ಮಧ್ಯಸ್ಥನಾಗುತ್ತಾನೆ. ಮೂರು ಬಗೆಗಳಲ್ಲಿ ಅತ್ಯಂತ ಮುಗ್ಧವೆನಿಸುವ ಈ ನಗೆಯೇ ಅತ್ಯಂತ ಹೆಚ್ಚನ್ನು ಮರೆಮಾಚುತ್ತದೆ.

ಧಾರಾವಾಹಿಯ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಶಾಲೆಯ ಮೇಲ್ವಿಚಾರಕ ಸಿಡ್ ಕಾಕ್ನಿ ಇಂಗ್ಲಿಷಿನ ಪ್ರಾಸನುಡಿಯನ್ನು ಆಡುತ್ತಾನೆ. ಬ್ರೌನ್ ಕಲಿಸುವ ಇಂಗ್ಲಿಷಿಗೂ ಈ ಇಂಗ್ಲಿಷಿಗೂ ಇರುವ ಅಂತರ ಎದ್ದುಕಾಣುತ್ತದೆ. ಇಂಗ್ಲಿಷ್ ಎಂಬುದು ಒಂದಲ್ಲ, ಪ್ರಮಾಣ ಇಂಗ್ಲಿಷ್ ಕೂಡ ಒಂದು ವರ್ಗದ ಆಡುನುಡಿ ಎಂಬ ಅರಿವಿಗೆ ಧಾರಾವಾಹಿ ಇಲ್ಲಿ ಬಹಳ ಹತ್ತಿರ ಬಂದು ಹಿಂದಿರುಗುತ್ತದೆ. ಬ್ರೌನ್ ಮುಜುಗರಕ್ಕೆ ಒಳಗಾಗುತ್ತಾನೆ, ಮುಖ್ಯಸ್ಥೆಯ ಗದರಿಕೆಗೆ ಹೆದರುತ್ತಾನೆ. ಆದರೆ ಅವನ ಭಾಷೆಯನ್ನು ಕುರಿತು ಯಾರೂ ನಗುವುದಿಲ್ಲ. ಇಡೀ ಕೋಣೆಯಲ್ಲಿ ಉಚ್ಚಾರಣೆಯ ಛಾಯೆಯೇ ಇಲ್ಲದ ಭಾಷೆ ಎಂಬ ಸ್ಥಾನ ಅವನ ಭಾಷೆಗೆ ಮಾತ್ರ ಮೀಸಲಾಗಿದೆ.

4

ಭಾಷಾಭೇದವನ್ನು ಹಾಸ್ಯಕ್ಕೆ ಬಳಸುವುದು ಇಂದಿನದಲ್ಲ. ವಿಕೃತವಾದ ವೇಷ ಮತ್ತು ಮಾತುಗಳನ್ನು ಹಾಸ್ಯರಸದ ಕಾರಣಗಳಲ್ಲಿ ಎಣಿಸಿದ ಭರತನ ನಾಟ್ಯಶಾಸ್ತ್ರ, ಯಾವ ಪಾತ್ರ ಯಾವ ಭಾಷೆಯನ್ನಾಡಬೇಕೆಂಬುದನ್ನೂ ವಿಧಿಸುತ್ತದೆ. ಶೂದ್ರಕನ ಮೃಚ್ಛಕಟಿಕದ ಶಕಾರ ಸಕಾರದ ಸ್ಥಾನದಲ್ಲಿ ಶಕಾರವನ್ನು ಉಚ್ಚರಿಸುತ್ತಾನೆ. ಪುರಾಣದ ಹೆಸರುಗಳನ್ನು ಕಲಸಿ ಹಾಸ್ಯಾಸ್ಪದನಾಗುತ್ತಾನೆ. ಆದರೆ ಅವನು ರಾಜನ ಮೈದುನ, ಅಧಿಕಾರದ ಬಲದಿಂದ ಮೆರೆಯುವವನು. ಅವನ ಮಾತಿಗೆ ನಕ್ಕಾಗ ಅಧಿಕಾರದ ಪೊಳ್ಳುತನಕ್ಕೆ ನಕ್ಕಂತಾಗುತ್ತದೆ.

ಕನ್ನಡದಲ್ಲಿ ಕೈಲಾಸಂ ಅವರ ನಾಟಕಗಳು ಇದೇ ದಿಕ್ಕಿನವು. ಅಲ್ಲಿನ ಇಂಗ್ಲಿಷ್ ಬೆರೆತ ಕನ್ನಡ ಗೇಲಿ ಮಾಡುವುದು ಇಂಗ್ಲಿಷ್ ಕಲಿತ ನಗರದ ಮಧ್ಯಮವರ್ಗವನ್ನು, ಎಂದರೆ ಲೇಖಕರು ತಾವೇ ಸೇರಿದ್ದ ಜನರನ್ನು. ಲಂಡನ್ನಿನಲ್ಲಿ ಓದಿ ಬಂದ ಕೈಲಾಸಂ ತಮ್ಮನ್ನು ಆ ನಗೆಯ ಹೊರಗೆ ಇರಿಸಿಕೊಳ್ಳಲಿಲ್ಲ. ಈ ನಿದರ್ಶನಗಳಿಂದ ಒಂದು ಮಾನದಂಡ ದೊರೆಯುತ್ತದೆ. ಭಾಷೆಯ ವಿಕಾರಕ್ಕೆ ನಗುವುದು ತನ್ನಷ್ಟಕ್ಕೆ ತಾನೇ ದೋಷವಲ್ಲ. ಆ ನಗೆ ಯಾರ ಕಡೆಗೆ ಹರಿಯುತ್ತದೆ, ಯಾರನ್ನು ಮುಟ್ಟದೆ ಬಿಡುತ್ತದೆ ಎಂಬುದೇ ನಿರ್ಣಾಯಕ.

ಈ ಮಾನದಂಡದಿಂದ ನೋಡಿದಾಗ ಬ್ರಿಟಿಷ್ ಧಾರಾವಾಹಿಯ ಕಾಲಸಂದರ್ಭ ಅಪ್ರಸ್ತುತವಾಗುವುದಿಲ್ಲ. 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟ ಏಷ್ಯನ್ನರು ಬ್ರಿಟನ್ನಿಗೆ ಬಂದಿದ್ದರು. 1976ರಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧ ಹೊಸ ಕಾಯಿದೆ ಬಂದಿತ್ತು. ಧಾರಾವಾಹಿಯ ಮೊದಲ ಕಂತು ಪ್ರಸಾರವಾದುದು 1977ರ ಡಿಸೆಂಬರ್ ಕೊನೆಯಲ್ಲಿ. ಮರುತಿಂಗಳೇ ಮಾರ್ಗರೆಟ್ ಥ್ಯಾಚರ್ ದೂರದರ್ಶನದ ಸಂದರ್ಶನದಲ್ಲಿ, ಅನ್ಯ ಸಂಸ್ಕೃತಿಯವರಿಂದ ದೇಶ ಮುಳುಗಿಹೋದೀತೆಂಬ ಜನರ ಭಯವನ್ನು ಪ್ರಸ್ತಾಪಿಸಿದರು. 1978ರ ಮೇ ತಿಂಗಳಲ್ಲಿ ಪೂರ್ವ ಲಂಡನ್ನಿನಲ್ಲಿ ಅಲ್ತಾಬ್ ಅಲಿ ಎಂಬ ಬಂಗಾಳಿ ಕಾರ್ಮಿಕ ಜನಾಂಗದ್ವೇಷಕ್ಕೆ ಬಲಿಯಾದ. ಹಾಸ್ಯ ಧಾರಾವಾಹಿ ಇದಕ್ಕೆ ಕಾರಣವೆಂದು ಹೇಳುವುದು ಅನ್ಯಾಯ. ಆದರೆ ಬೀದಿಯಲ್ಲಿ ಅಭದ್ರರಾಗಿದ್ದವರೇ ತೆರೆಯ ಮೇಲೆ ನಗೆಪಾಟಲಾಗುತ್ತಿದ್ದರೆಂಬುದು ಸತ್ಯ. ಪ್ರೇಕ್ಷಕರ ಕೊರತೆಯಿಲ್ಲದಿದ್ದರೂ ವಾಹಿನಿಯ ಕಾರ್ಯಕ್ರಮಗಳ ಮುಖ್ಯಸ್ಥ ಮೈಕೆಲ್ ಗ್ರೇಡ್ 1979ರಲ್ಲಿ ಇದನ್ನು ನಿಲ್ಲಿಸಿದ್ದು ಈ ಚಿತ್ರಣ ಆಕ್ಷೇಪಾರ್ಹವೆಂಬ ಕಾರಣಕ್ಕೆ. ಈ ಆಕ್ಷೇಪಣೆ ನಂತರದ ಪೀಳಿಗೆಯ ಅತಿಸೂಕ್ಷ್ಮತೆಯಿಂದ ಹುಟ್ಟಿದ್ದಲ್ಲ. ಅದೇ ಕಾಲದಲ್ಲಿ, ಅದೇ ಕಟ್ಟಡದಲ್ಲಿ ಹುಟ್ಟಿದ್ದು.

5

‘ಜಬಾನ್ ಸಂಭಾಲ್ ಕೆ’ಯಲ್ಲಿ ಪಂಕಜ್ ಕಪೂರ್ ಅಭಿನಯಿಸಿದ ಮೋಹನ್ ಭಾರತಿ ಹಿಂದಿ ಶಿಕ್ಷಕ. ಎಂಜಿನಿಯರಿಂಗ್ ಓದಿಯೂ ತಕ್ಕ ಕೆಲಸ ಸಿಗದೆ ಈ ವೃತ್ತಿಗೆ ಬಂದವನಾದ್ದರಿಂದ ಬ್ರೌನ್‌ನಿಗಿಲ್ಲದ ಒಂದು ವಿಷಾದ ಅವನಿಗುಂಟು. ಟಾಮ್ ಆಲ್ಟರ್ ಅವರ ಪಾತ್ರದ ಮೂಲಕ ಇಂಗ್ಲಿಷಿನವನೂ ವಿದ್ಯಾರ್ಥಿಯ ಬೆಂಚಿನ ಮೇಲೆ ಕೂರುತ್ತಾನೆ. ಇದು ಮೂಲಕ್ಕೆ ಕೊಟ್ಟ ಜಾಣ ಉತ್ತರ. ಶೋಭಾ ಖೋಟೆ, ವಿಜು ಖೋಟೆ ಮೊದಲಾದವರ ಅಭಿನಯದಲ್ಲಿ ಲವಲವಿಕೆಯಿದೆ, ಎಲ್ಲಿಯೂ ದ್ವೇಷವಿಲ್ಲ.

ಆದರೂ ರೂಪಾಂತರದಲ್ಲಿ ಒಂದು ಮೂಲಭೂತ ವ್ಯತ್ಯಾಸ ಗಮನಕ್ಕೆ ಬಾರದೆ ಉಳಿದಿದೆ. ಲಂಡನ್ನಿನ ತರಗತಿಯಲ್ಲಿರುವವರು ಆ ದೇಶಕ್ಕೆ ಹೊಸಬರು. ಹಿಂದಿ ತರಗತಿಯ ಬೆಂಚಿನ ಮೇಲೆ ಪರದೇಶದವರ ಜೊತೆಯಲ್ಲಿಯೇ ಈ ದೇಶದ ಬೇರೆ ಬೇರೆ ಪ್ರಾಂತಗಳವರೂ ಕುಳಿತಿದ್ದಾರೆ. ತಮಿಳನು ಹಿಂದಿ ಕಲಿಯುವುದಕ್ಕೂ ಬ್ರಿಟಿಷನು ಹಿಂದಿ ಕಲಿಯುವುದಕ್ಕೂ ನಡುವಣ ಅಂತರವನ್ನು ಆ ಕೋಣೆ ಅಳಿಸಿಹಾಕುತ್ತದೆ. ತಮಿಳನು ತನ್ನ ದೇಶದಲ್ಲಿಯೇ ವಲಸೆಗಾರನಾಗಿ ಕಾಣುತ್ತಾನೆ. 1965ರ ಭಾಷಾ ಚಳವಳಿಯನ್ನು ಕಂಡ ದೇಶದಲ್ಲಿ ಇದನ್ನು ಕೇವಲ ಕಥಾತಂತ್ರವೆನ್ನಲಾಗದು.

ತೆರೆಯ ಮೇಲಿನ ದಕ್ಷಿಣದವನಿಗೆ ಆ ವೇಳೆಗೆ ಒಂದು ಅಚ್ಚು ಸಿದ್ಧವಾಗಿತ್ತು. 1968ರ ‘ಪಡೋಸನ್’ ಚಿತ್ರದಲ್ಲಿ ಮೆಹಮೂದ್ ರೂಪಿಸಿದ ಸಂಗೀತದ ಮೇಷ್ಟ್ರ ಪಾತ್ರದ ಜುಟ್ಟು, ಲುಂಗಿ, ಎಳೆದಾಡುವ ಹಿಂದಿಗಳು ಮುಂದಿನ ಎಷ್ಟೋ ಪಾತ್ರಗಳಿಗೆ ಮಾದರಿಯಾದವು. ‘ಮದ್ರಾಸಿ’ ಎಂಬ ಒಂದೇ ಪದದಲ್ಲಿ ನಾಲ್ಕು ಭಾಷೆಗಳ ಜನ ಅಡಗಿಹೋದರು. ಇಲ್ಲಿ ಕನ್ನಡಿಗನ ಸ್ಥಿತಿ ವಿಚಿತ್ರವಾದುದು. ಅವನನ್ನು ಕನ್ನಡಿಗನೆಂದು ಗೇಲಿ ಮಾಡಿದ್ದು ವಿರಳ; ಅವನ ಭಾಷೆಗೆ ಪ್ರತ್ಯೇಕವಾದ ವಿಕಾರವನ್ನು ಕೂಡ ಯಾರೂ ಕಲ್ಪಿಸಲಿಲ್ಲ. ತಮಿಳಿನ ಛಾಯೆಯ ಹಿಂದಿಯನ್ನೇ ಅವನಿಗೂ ಹೊದಿಸಲಾಯಿತು. ಅವಮಾನವಾಗಿಲ್ಲ ಎಂಬ ಅರ್ಥದಲ್ಲಿ ಇದು ನಿರುಪದ್ರವಿ. ಆದರೆ ಹೊರನಾಡಿನಲ್ಲಿ ಕನ್ನಡದ ಅಧ್ಯಯನ ಮಾಡುವವರು ಮತ್ತೆ ಮತ್ತೆ ಎದುರಿಸಬೇಕಾದ ಪ್ರಶ್ನೆ, ‘ಕನ್ನಡವೂ ತಮಿಳೂ ಬೇರೆಯೆ?’ ಎಂಬುದು, ಈ ಅಳಿಸುವಿಕೆಗೆ ತೀರ ಹತ್ತಿರದ ನೆಂಟ. ಸಿದ್ಧಮಾದರಿಯ ಹಾನಿಯನ್ನು ನಿಂದೆಯಲ್ಲಿ ಮಾತ್ರ ಹುಡುಕುವವರಿಗೆ ಈ ಹಾನಿ ಕಾಣುವುದಿಲ್ಲ.

ಚಿತ್ರಕ್ಕೂ ಬದುಕಿಗೂ ಸಂಬಂಧವಿಲ್ಲವೆನ್ನುವವರು ಮುಂಬಯಿಯ ಚರಿತ್ರೆಯನ್ನು ನೆನೆಯಬೇಕು. 1960ರಲ್ಲಿ ಆರಂಭವಾದ ‘ಮಾರ್ಮಿಕ್’ ಒಂದು ವ್ಯಂಗ್ಯಚಿತ್ರ ವಾರಪತ್ರಿಕೆ. ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಗಳು ಅದರಲ್ಲಿಯೇ ಪ್ರಕಟವಾದವು. 1966ರಲ್ಲಿ ಶಿವಸೇನೆ ಸ್ಥಾಪನೆಯಾದ ಮೇಲೆ ‘ಲುಂಗಿವಾಲಾ’ ಎಂಬ ಗೇಲಿ ಬೀದಿಯ ಘೋಷಣೆಯಾಯಿತು, ಉಡುಪಿ ಹೋಟೆಲುಗಳು ದಾಳಿಗೆ ಗುರಿಯಾದವು. ಕಲ್ಲೆಸೆದವರು ಹೋಟೆಲಿನವನ ಭಾಷೆ ಯಾವುದೆಂದು ವಿಚಾರಿಸಲಿಲ್ಲ. ಒಂದೇ ಅಚ್ಚಿನಲ್ಲಿ ಎರಕಗೊಂಡವರಿಗೆ ಒಂದೇ ಬಗೆಯ ಪೆಟ್ಟು ಬೀಳುತ್ತದೆ. ನಗೆಯೇ ಪೆಟ್ಟು ಎಂಬುದು ಇದರ ಅರ್ಥವಲ್ಲ. ಪೆಟ್ಟು ಹಾಕುವವನಿಗೆ ಬೇಕಾದ ಗುರುತು ಚೀಟಿಯನ್ನು ಎಷ್ಟೋ ಸಲ ನಗೆ ಮೊದಲೇ ಬರೆದಿಟ್ಟಿರುತ್ತದೆ.

6

ಹಾಗಾದರೆ ಈ ಹಳೆಯ ಧಾರಾವಾಹಿಗಳನ್ನು ಏನು ಮಾಡಬೇಕು? ಅವುಗಳನ್ನು ಕಣ್ಮರೆ ಮಾಡುವುದು ಸಂಶೋಧಕರಿಗೆ ಒಪ್ಪಿಗೆಯಾಗಲಾರದು. ಅವು ತಮ್ಮ ಕಾಲದ ದಾಖಲೆಗಳು, ಕಲಿಕೆಯ ತಪ್ಪಿನಿಂದ ಹುಟ್ಟಿದ ಅವುಗಳ ನಗೆ ಇಂದಿಗೂ ತಾಜಾ ಆಗಿದೆ. ಪ್ರಾಂತೀಯತೆಯೇ ಇಲ್ಲದ ಹಾಸ್ಯವನ್ನು ಅಪೇಕ್ಷಿಸುವುದೂ ಸರಿಯಲ್ಲ. ಭಾರತೀಯ ಮೂಲದ ಕಲಾವಿದರು ರೂಪಿಸಿದ, 1998ರಲ್ಲಿ ಬಿಬಿಸಿ ದೂರದರ್ಶನಕ್ಕೆ ಬಂದ ‘ಗುಡ್‌ನೆಸ್ ಗ್ರೇಷಿಯಸ್ ಮಿ’ಯ ಪ್ರಸಿದ್ಧ ದೃಶ್ಯವೊಂದರಲ್ಲಿ ಭಾರತೀಯರ ಗುಂಪೊಂದು ಇಂಗ್ಲಿಷ್ ಊಟದ ಹೋಟೆಲಿಗೆ ಹೋಗಿ, ಅಲ್ಲಿನ ಅತ್ಯಂತ ಸಪ್ಪೆಯ ಪದಾರ್ಥವನ್ನು ಕೇಳುತ್ತದೆ. ಅಲ್ಲಿಯೂ ಸಿದ್ಧಮಾದರಿಗಳೇ ಇವೆ. ಆದರೆ ಮೇಜಿನ ಆಚೆ ಈಚೆ ಕುಳಿತವರ ಸ್ಥಾನ ಬದಲಾಗಿದೆ. ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ‘ಸಹಜ’ ಸ್ಥಾನ ಈಗ ತಾನೇ ನಗೆಗೆ ವಸ್ತುವಾಗಿದೆ.

ಇದೇ ಪರೀಕ್ಷೆಗೆ ಕನ್ನಡವೂ ಒಳಗಾಗಬೇಕು. ನಮ್ಮ ರಂಗಭೂಮಿ, ಚಲನಚಿತ್ರ, ಕಿರುತೆರೆಗಳಲ್ಲಿ ಮಂಗಳೂರಿನ ಗ್ರಾಂಥಿಕ ಛಾಯೆಯ ಕನ್ನಡವನ್ನೂ ಹುಬ್ಬಳ್ಳಿ-ಧಾರವಾಡದ ಕನ್ನಡವನ್ನೂ ಬಹುಮಟ್ಟಿಗೆ ಹಾಸ್ಯಪಾತ್ರಗಳಿಗೆ ಬಿಟ್ಟುಕೊಟ್ಟು, ನಾಯಕನಿಗೆ ಮೈಸೂರು-ಬೆಂಗಳೂರಿನ ಕನ್ನಡವನ್ನು ಕೊಟ್ಟ ರೂಢಿ ಉಂಟು. ಅಲ್ಲಿನ ಮಾರವಾಡಿ ಸಾಹುಕಾರನೂ ಮಲಯಾಳಿ ಚಹಾದಂಗಡಿಯವನೂ ತಮ್ಮ ಬೆಂಚಿನಿಂದ ಎದ್ದುದು ಅಪರೂಪ. ‘ಮದ್ರಾಸಿ’ ಎಂಬ ಪದಕ್ಕೆ ನೊಂದುಕೊಳ್ಳುವ ಕನ್ನಡಿಗ ತನ್ನ ನಗೆಯ ದಿಕ್ಕನ್ನೂ ಪರಿಶೀಲಿಸಬೇಕಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಜನಾಂಗೀಯ ಸಿದ್ಧಮಾದರಿ ಆಕ್ಷೇಪಾರ್ಹವೋ ನಿರುಪದ್ರವಿಯೋ ಎಂಬ ಪ್ರಶ್ನೆಯ ಬದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಹೆಚ್ಚು ಫಲಪ್ರದ. ನಗೆ ಹುಟ್ಟುವುದು ತಿದ್ದಿಕೊಳ್ಳಬಹುದಾದ ತಪ್ಪಿನಿಂದಲೋ, ಬದಲಾಗದೆಂದು ಕಲ್ಪಿಸಿದ ಸ್ವಭಾವದಿಂದಲೋ? ಶಿಕ್ಷಕನ ಭಾಷೆಯೂ ಆ ನಗೆಯ ವ್ಯಾಪ್ತಿಯೊಳಗೆ ಬರುತ್ತದೆಯೋ ಇಲ್ಲವೋ? ಬೆಂಚಿನ ಮೇಲೆ ಸ್ಥಳವೇ ದೊರೆಯದೆ ಇನ್ನೊಬ್ಬರ ಹೆಸರಿನಲ್ಲಿ ಕರೆಯಲ್ಪಟ್ಟವರು ಯಾರು? ಲಂಡನ್ನಿನ ಧಾರಾವಾಹಿ ಮೊದಲೆರಡು ಪ್ರಶ್ನೆಗಳಲ್ಲಿ ಸೋಲುತ್ತದೆ. ಹಿಂದಿಯ ರೂಪಾಂತರ ಸ್ನೇಹಭಾವದಲ್ಲಿ ಅದಕ್ಕಿಂತ ಮೇಲಾಗಿದ್ದರೂ ಮೂರನೆಯ ಪ್ರಶ್ನೆಯಲ್ಲಿ ಸೋಲುತ್ತದೆ. ಹೊರನಾಡಿನಲ್ಲಿ ಕನ್ನಡವನ್ನು ಕಲಿಸುವ, ಸಂಶೋಧಿಸುವ ನಮಗೆ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಹತ್ತಿರದ್ದು.