ಬೇಲಿಯ ಮೇಲಿನ ಗೌರಿ ಹೂ

ಮಳೆಗಾಲದಲ್ಲಿ ಮಲೆನಾಡಿನ ಬೇಲಿಗಳ ಮೇಲೆ ಗೌರಿ ಹೂ ಅರಳುತ್ತಿದ್ದಂತೆ ಅದರ ಚಿತ್ರಗಳೂ ಕೈಯಿಂದ ಕೈಗೆ ದಾಟತೊಡಗುತ್ತವೆ. ‘ಹೇಗಿದೆ ಸಾರ್?’ ಎಂದು ಕೇಳಿದವರಿಗೆ ಸಿಗುವ ಉತ್ತರ ಒಂದೋ ‘ಸೂಪರ್’, ಇಲ್ಲವೇ ‘ಕಂಪೋಸಿಷನ್ ಸರಿಯಿಲ್ಲ’. ಮರುದಿನ ಅದೇ ಬೇಲಿಯೆದುರು ಕ್ಯಾಮೆರಾ ಹಿಡಿದು ನಿಂತಾಗ ಎರಡೂ ಉಪಯೋಗಕ್ಕೆ ಬರುವುದಿಲ್ಲ. ಅಭಿಪ್ರಾಯ ಹೇಳುವವರಿಗೆ ಕ್ಯಾಮೆರಾ ಗೊತ್ತಿದ್ದರೆ ಸಾಲದು, ಹೂವೂ ಗೊತ್ತಿರಬೇಕು.

ಈ ಹೂವಿನ ಆರು ಎಸಳುಗಳು ಹಿಂದಕ್ಕೆ ಬಾಗಿ ಬೆಂಕಿಯ ನಾಲಿಗೆಗಳಂತೆ ಮೇಲೇಳುತ್ತವೆ. ಆರು ಕೇಸರಗಳು ಸುತ್ತಲೂ ಚಾಚಿಕೊಳ್ಳುತ್ತವೆ. ಶಲಾಕೆ ಮಾತ್ರ ಬುಡದಲ್ಲೇ ತಿರುಗಿ ಒಂದೇ ಪಕ್ಕಕ್ಕೆ ಅಡ್ಡ ಹೋಗುತ್ತದೆ. ಈ ಹೂವಿನ ಸೊಗಸೆಲ್ಲ ಆ ತಿರುವಿನಲ್ಲಿದೆ ಎಂಬುದು ನನ್ನ ಎಣಿಕೆ. ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಮೊದಲು ತುಂಡಾಗುವುದೂ ಅದೇ. ಆಗ ಹೇಳಬೇಕಾದ್ದು ಇಷ್ಟು: ‘ಎಡಕ್ಕೆ ಇನ್ನೊಂದಿಷ್ಟು ಜಾಗ ಬಿಡಿ. ಶಲಾಕೆ ಉದ್ದಕ್ಕೂ ಫೋಕಸ್‌ನಲ್ಲಿ ಇರಬೇಕಾದರೆ ಕ್ಯಾಮೆರಾವನ್ನು ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ.’

ಬಣ್ಣದ ವಿಷಯದಲ್ಲೂ ಹಾಗೆಯೇ. ಅಲೆಯಲೆಯಾದ ಎಸಳಿನಂಚು ಕರಗಿ ಬರೀ ಕೆಂಪು ಮುದ್ದೆಯಾಗಿದ್ದರೆ ಅದು ಫೋಕಸ್ಸಿನ ತಪ್ಪೇ ಆಗಿರಬೇಕೆಂದಿಲ್ಲ; ಹಲವು ಸಲ ಕೆಂಪು ಬಣ್ಣದ ಮಾಹಿತಿ ಮಿತಿ ಮೀರಿರುತ್ತದೆ. ಒಟ್ಟು ಹಿಸ್ಟೋಗ್ರಾಂ ಸರಿಯಾಗಿಯೇ ಕಾಣುತ್ತದೆ. ಕೆಂಪಿನದನ್ನು ಬೇರೆಯಾಗಿ ನೋಡಿ, ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ, ಮೋಡದ ಬೆಳಕಿಗೆ ಕಾಯಲು ಹೇಳಿ.

ಇನ್ನು ‘ಹಿಂದಿನ ಮುಳ್ಳುತಂತಿಯನ್ನು ಫೋಟೊಶಾಪ್‌ನಲ್ಲಿ ಅಳಿಸಿಬಿಡಿ’ ಎಂಬ ಸಲಹೆ. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್, ಫೋಟೊಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಒಪ್ಪಿಕೊಂಡು 2015ರಿಂದ ಜಾರಿಗೆ ತಂದ ನಿಸರ್ಗ ಛಾಯಾಗ್ರಹಣದ ನಿಯಮದ ಪ್ರಕಾರ, ಕ್ರಾಪ್ ಮಾಡಬಹುದೇ ಹೊರತು ಚಿತ್ರದಿಂದ ಏನನ್ನೂ ಅಳಿಸುವಂತಿಲ್ಲ. ಬೆಳೆಸಿದ ಗಿಡ, ಮಿಶ್ರತಳಿಗಳಿಗೂ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಪ್ರವೇಶವಿಲ್ಲ. ಲಾಲ್‌ಬಾಗಿನ ಡೇಲಿಯಾ ಎಷ್ಟೇ ಚೆನ್ನಾಗಿ ಬಂದಿದ್ದರೂ ಅದನ್ನು ಬೇರೆ ವಿಭಾಗಕ್ಕೇ ಕಳಿಸಬೇಕು; ಶುಲ್ಕ ಕಟ್ಟುವ ಮೊದಲೇ ಇದನ್ನು ತಿಳಿಸುವುದು ಉಪಕಾರ. ಮನುಷ್ಯರ ಗುರುತುಗಳೂ ನಿಷಿದ್ಧ, ಆದರೆ ಅವು ಜೀವಿಯ ಬದುಕಿನ ಭಾಗವೇ ಆಗಿದ್ದರೆ ವಿನಾಯಿತಿ ಉಂಟು. ಕಟ್ಟಡಗಳಲ್ಲಿ ಗೂಡು ಮಾಡುವ ಕಣಜ ಗೂಬೆ ಅಂಥದೊಂದು ಉದಾಹರಣೆ.

ಗೌರಿ ಹೂವಿನ ಬಳ್ಳಿಗೆ ಎಲೆಯ ತುದಿಯೇ ಕುಡಿ. ಅದು ತಂತಿಗೆ ಸುತ್ತಿಕೊಂಡೇ ಮೇಲೇರುತ್ತದೆ. ಹಾಗಾಗಿ ತಂತಿ ಕಂಡೊಡನೆ ಮುಖ ಸಿಂಡರಿಸುವ ಬದಲು, ‘ಏನನ್ನು ಕಂಡು ಕ್ಯಾಮೆರಾ ಎತ್ತಿದಿರಿ?’ ಎಂದು ಕೇಳಬೇಕು. ಉತ್ತರ ಹೂವಾದರೆ, ನಾಳೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತಂತಿಯನ್ನು ತಪ್ಪಿಸಲಿ. ಬಳ್ಳಿ ಬೇಲಿ ಹತ್ತಿದ ಬಗೆಯಾದರೆ, ಆ ಸುತ್ತಿದ ಕುಡಿಯ ಮೇಲೇ ಫೋಕಸ್ ಇಟ್ಟು ಇನ್ನೊಮ್ಮೆ ತೆಗೆಯಲಿ.