ಅಕಾರಾದಿಯ ಅಧಿಕಾರ

ಕ್ರಮದಲ್ಲಿ ಎರಡು ಬಗೆ. ಹುಡುಕುವವನಿಗೆ ಬೇಕಾದದ್ದು ಒಂದು, ಓದುವವನಿಗೆ ಬೇಕಾದದ್ದು ಇನ್ನೊಂದು. ನಿಘಂಟು ಮೊದಲನೆಯದಕ್ಕೆ ಮಾದರಿ, ಕಾವ್ಯ ಎರಡನೆಯದಕ್ಕೆ. ನಿಘಂಟನ್ನು ಯಾರೂ ಮೊದಲಿಂದ ಕೊನೆಯವರೆಗೆ ಓದುವುದಿಲ್ಲ. ಕಾವ್ಯವನ್ನು ಯಾರೂ ಅಕಾರಾದಿಯಲ್ಲಿ ಓದುವುದಿಲ್ಲ. ಇಷ್ಟು ಸರಳವಾದ ಈ ಭೇದವನ್ನು ಕಂಪ್ಯೂಟರಿನ ಮುಂದೆ ಕುಳಿತಾಗ ನಾವು ಮರೆತುಬಿಡುತ್ತೇವೆ. ಮರೆಸುವುದು ಒಂದು ಸಣ್ಣ ಆಜ್ಞೆ: ಶೀರ್ಷಿಕೆಗಳನ್ನು ವಿಂಗಡಿಸು.

ಇಮ್ಯಾಕ್ಸ್ ಎಂಬ ಹಳೆಯ ಟೆಕ್ಸ್ಟ್ ಎಡಿಟರಿಗೆ ಆರ್ಗ್ ಮೋಡ್ ಎಂಬುದೊಂದು ಅಂಗವಿದೆ. ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿಗಳನ್ನು ಓರಣವಾಗಿಡಲೆಂದು ಇದನ್ನು ಬರೆಯತೊಡಗಿದರು. ಸಾಲಿನ ಮೊದಲಿಗೆ ಒಂದು ನಕ್ಷತ್ರಚಿಹ್ನೆ ಹಾಕಿದರೆ ಅದು ಶೀರ್ಷಿಕೆ, ಎರಡು ಹಾಕಿದರೆ ಉಪಶೀರ್ಷಿಕೆ, ಮೂರು ಹಾಕಿದರೆ ಅದರ ಮರಿ. ಹೀಗೆ ಒಂದು ಬರಹಕ್ಕೆ ಮರದಂತೆ ಕೊಂಬೆ ರೆಂಬೆಗಳು ಮೂಡುತ್ತವೆ. ಒಂದು ಶೀರ್ಷಿಕೆಯ ಮೇಲೆ ನಿಂತು ವಿಂಗಡಿಸಲು ಹೇಳಿದರೆ, ಅದರ ಕೆಳಗಿನ ಉಪಶೀರ್ಷಿಕೆಗಳು ಅಕ್ಷರ, ಸಂಖ್ಯೆ, ತಾರೀಕು ಮುಂತಾದ ಯಾವುದಾದರೊಂದು ಆಧಾರದಲ್ಲಿ ಸಾಲಾಗಿ ನಿಲ್ಲುತ್ತವೆ.

ಇದರ ಗುಣವನ್ನು ಮೊದಲು ಹೇಳಬೇಕು. ಬರೀ ಸಾಲುಗಳನ್ನು ವಿಂಗಡಿಸುವ ಆಜ್ಞೆಗಳು ಶೀರ್ಷಿಕೆ, ಒಕ್ಕಣೆ ಎಂಬ ಭೇದವಿಲ್ಲದೆ ಎಲ್ಲವನ್ನೂ ಕಲಸಿಬಿಡುತ್ತವೆ. ಇದು ಹಾಗಲ್ಲ. ಶೀರ್ಷಿಕೆ ಎಲ್ಲಿಗೆ ಹೋದರೂ ಅದರ ಸಂಸಾರವೆಲ್ಲ ಜತೆಗೇ ಹೋಗುತ್ತದೆ. ಒಳಗಿನ ಮೊಮ್ಮಕ್ಕಳ ಸರದಿಗೆ ಇದು ಕೈಹಾಕುವುದಿಲ್ಲ. ಗ್ರಾಮಗಳ ಪಟ್ಟಿ, ಪುಸ್ತಕಗಳ ಪಟ್ಟಿ, ಪದಸೂಚಿ ಇಂಥವನ್ನು ಮಾಡುವವರಿಗೆ ಒಂದು ದಿನದ ಕೆಲಸ ಒಂದು ಕ್ಷಣದಲ್ಲಿ ಮುಗಿಯುತ್ತದೆ.

ಆದರೆ ಇದೇ ಆಜ್ಞೆಯನ್ನು ಕಾವ್ಯದ ಮೇಲೆ ಬಿಟ್ಟು ನೋಡೋಣ. ಮೂಡುಬಿದಿರೆಯ ರತ್ನಾಕರವರ್ಣಿಯ ‘ಭರತೇಶ ವೈಭವ’ದಲ್ಲಿ ಐದು ವಿಜಯಗಳಿವೆ: ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ. ಇವನ್ನು ಐದು ಶೀರ್ಷಿಕೆಗಳೆಂದು ತಿಳಿದು ಅಕಾರಾದಿಯಲ್ಲಿ ಇಟ್ಟರೆ ಏನಾಗುತ್ತದೆ? ಅರ್ಕಕೀರ್ತಿ, ದಿಗ್ವಿಜಯ, ಭೋಗ, ಮೋಕ್ಷ, ಯೋಗ. ಅಪ್ಪನ ಕತೆಗೆ ಮೊದಲೇ ಮಗನ ಕತೆ. ಯೋಗಕ್ಕೆ ಮೊದಲೇ ಮೋಕ್ಷ! ಒಂದು ಪದ್ಯವೂ ಕಳೆದುಹೋಗಿಲ್ಲ, ಒಂದು ಅಕ್ಷರವೂ ಬದಲಾಗಿಲ್ಲ. ಆದರೂ ಕಾವ್ಯ ಉಳಿದಿಲ್ಲ. ಭೋಗದಿಂದ ಹೊರಟು ಯೋಗದ ಮೂಲಕ ಮೋಕ್ಷಕ್ಕೆ ಹೋಗುವ ದಾರಿಯೇ ಅಲ್ಲಿನ ಅರ್ಥ. ಆ ಅರ್ಥ ಯಾವ ಒಂದು ಶೀರ್ಷಿಕೆಯಲ್ಲೂ ಇಲ್ಲ, ಅವುಗಳ ಸರದಿಯಲ್ಲಿದೆ.

ಕಾವ್ಯಕ್ಕೆ ಯಾರು ಹೀಗೆ ಮಾಡುತ್ತಾರೆ ಎನ್ನಬಹುದು. ಕಾವ್ಯಕ್ಕೆ ಮಾಡುವುದಿಲ್ಲ, ಸ್ಥಳೀಯ ಚರಿತ್ರೆಗೆ ದಿನಾ ಮಾಡುತ್ತೇವೆ. ಬೆಳ್ತಂಗಡಿ ತಾಲೂಕಿನ ಎರಡು ಬಾಹುಬಲಿ ಮೂರ್ತಿಗಳನ್ನು ತೆಗೆದುಕೊಳ್ಳಿ. ವೇಣೂರಿನದು 1604ರದು, ಧರ್ಮಸ್ಥಳದಲ್ಲಿ ಪ್ರತಿಷ್ಠೆಯಾದದ್ದು 1982ರಲ್ಲಿ. ಅಕಾರಾದಿಯಲ್ಲಿ ಧರ್ಮಸ್ಥಳ ಮುಂದೆ, ವೇಣೂರು ಹಿಂದೆ. ಸುಮಾರು ನಾಲ್ಕು ಶತಮಾನ ತಲೆಕೆಳಗು. ಮೂಡುಬಿದಿರೆಯಲ್ಲಿ ತೊಡಕು ಇನ್ನೊಂದು ಬಗೆಯದು. 1430ರ ಸಾವಿರ ಕಂಬದ ಬಸದಿಗೆ ತ್ರಿಭುವನ ತಿಲಕ ಚೂಡಾಮಣಿ ಎಂಬ ಹೆಸರೂ ಇದೆ, ಹೊಸ ಬಸದಿ ಎಂಬ ಹೆಸರೂ ಇದೆ. ಯಂತ್ರ ಅದನ್ನು ತಕಾರದಲ್ಲಿಡಬೇಕೋ, ಸಕಾರದಲ್ಲೋ, ಹಕಾರದಲ್ಲೋ? ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ‘ಪಂ’ದಲ್ಲಿ ಹುಡುಕುವುದು ನಮ್ಮ ರೂಢಿ, ಸೇಡಿಯಾಪು ಕೃಷ್ಣ ಭಟ್ಟರನ್ನು ‘ಸೇ’ಯಲ್ಲಿ. ಮನೆತನದ ಹೆಸರು ಬಿಟ್ಟು ಮಂಗೇಶ, ಕೃಷ್ಣ ಎಂದು ವಿಂಗಡಿಸಿದ ಪಟ್ಟಿಯಲ್ಲಿ ನಮ್ಮವರು ನಮಗೇ ಸಿಗುವುದಿಲ್ಲ. ಇದನ್ನು ತೀರ್ಮಾನಿಸಬೇಕಾದವನು ಬರೆಯುವವನು, ಯಂತ್ರವಲ್ಲ.

ಇನ್ನು ಅಕಾರಾದಿಯಾದರೂ ಸರಿಯಾಗಿದೆಯೇ? ಅದೂ ಸಂಶಯ. ಕನ್ನಡ ವರ್ಣಮಾಲೆಯಲ್ಲಿ ಳಕಾರ ಕೊನೆಯದು, ಹಕಾರದ ನಂತರದ್ದು. ಇದನ್ನು ಒಂದನೇ ತರಗತಿಯ ಮಗುವೂ ಹೇಳುತ್ತದೆ. ಆದರೆ ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹೊಂದಿಸಿದ ಇಸ್ಕಿ ಸಂಕೇತಪಟ್ಟಿಯಲ್ಲಿ, ಅದರ ಹಾದಿಯಲ್ಲೇ ನಡೆದ ಯೂನಿಕೋಡಿನಲ್ಲಿ ಸಹ, ಳಕಾರಕ್ಕೆ ಲಕಾರದ ಪಕ್ಕದಲ್ಲಿ, ವಕಾರಕ್ಕೆ ಮೊದಲೇ ಜಾಗ ಸಿಕ್ಕಿದೆ. ಭಾಷೆಯ ನಿಯಮ ನೋಡದೆ ಬರೀ ಸಂಕೇತಸಂಖ್ಯೆಯನ್ನು ಹೋಲಿಸುವ ಎಡಿಟರಿಗೆ ಮೂರು ಊರುಗಳನ್ನು ಕೊಡಿ: ಬಂಟ್ವಾಳದ ಕಡೆಯ ಅಮ್ಟಾಡಿ, ಬೆಳ್ತಂಗಡಿಯ ಅಳದಂಗಡಿ, ಮೂಡುಬಿದಿರೆ ಹತ್ತಿರದ ಅಶ್ವತ್ಥಪುರ. ಅದು ಇದೇ ಸರದಿಯಲ್ಲಿ ನಿಲ್ಲಿಸುತ್ತದೆ. ಕನ್ನಡ ನಿಘಂಟಿನ ಕ್ರಮದಲ್ಲಾದರೆ ಅಶ್ವತ್ಥಪುರದ ನಂತರವೇ ಅಳದಂಗಡಿ ಬರಬೇಕು. ಮೂರು ಹೆಸರುಗಳಿದ್ದಾಗ ಇದು ನಗುವ ಮಾತು. ಮುನ್ನೂರು ಗ್ರಾಮಗಳ ಸೂಚಿಯಲ್ಲಿ, ನಿಘಂಟು ನೋಡಿ ಅಭ್ಯಾಸವಿದ್ದವನು ಅಳದಂಗಡಿಯನ್ನು ತನ್ನ ಜಾಗದಲ್ಲಿ ಕಾಣದೆ, ಪಟ್ಟಿಯಲ್ಲಿ ಆ ಊರೇ ಇಲ್ಲವೆಂದುಕೊಳ್ಳುತ್ತಾನೆ.

ಅಂಕೆಗಳದ್ದೂ ಹೀಗೆಯೇ. ಅಕ್ಷರದ ಆಧಾರದಲ್ಲಿ ವಿಂಗಡಿಸಿದರೆ ಹತ್ತನೆಯ ಅಧ್ಯಾಯ ಎರಡನೆಯದಕ್ಕಿಂತ ಮೊದಲು ಬಂದು ಕೂರುತ್ತದೆ, ಏಕೆಂದರೆ ಯಂತ್ರ ನೋಡುವುದು ಮೊದಲ ಅಂಕೆಯಾದ ಒಂದನ್ನು. ಸಂಖ್ಯೆಯ ಆಧಾರ ಎಂದು ಬೇರೆಯಾಗಿ ಹೇಳಿದರೆ ಇದು ಸರಿಹೋಗುತ್ತದೆ; ಆದರೆ ೧, ೨, ೩ ಎಂದು ಕನ್ನಡ ಅಂಕೆ ಬರೆದವನಿಗೆ ಆ ಭಾಗ್ಯವೂ ಇಲ್ಲ. ಇಮ್ಯಾಕ್ಸ್ ಅವನ್ನು ಸಂಖ್ಯೆಯೆಂದು ಗುರುತಿಸದೆ ಎಲ್ಲವನ್ನೂ ಸೊನ್ನೆಯೆಂದೇ ಎಣಿಸುತ್ತದೆ.

ಹಾಗಾದರೆ ಈ ಸೌಕರ್ಯ ಬೇಡವೆನ್ನಬೇಕೇ? ಹಾಗೇನಿಲ್ಲ. ಇದಕ್ಕೆ ಒಂದು ಹಳೆಯ ಮದ್ದು ಮೂಡುಬಿದಿರೆಯ ಗ್ರಂಥಭಂಡಾರಗಳಲ್ಲೇ ಇದೆ. ತಾಳೆಗರಿಯ ಕಟ್ಟುಗಳಲ್ಲಿ ಗರಿಗಳನ್ನು ಪೋಣಿಸುವುದು ಒಂದು ದಾರ. ದಾರ ಹರಿದರೆ ಗರಿಗಳು ಚೆಲ್ಲಾಪಿಲ್ಲಿ. ಅದಕ್ಕೇ ಲಿಪಿಕಾರರು ಗರಿಯ ಅಂಚಿನಲ್ಲಿ ಅದರ ಸಂಖ್ಯೆಯನ್ನು ಬರೆದಿಡುತ್ತಿದ್ದರು. ಯಾರು ಹೇಗೆ ಕಲಸಿದರೂ ಮೂಲದ ಸರದಿ ಗರಿಯ ಮೈಮೇಲೆಯೇ ಇರುತ್ತಿತ್ತು. ಎಡಿಟರಿನ ಶೀರ್ಷಿಕೆಗಿರುವುದು ಜಾಗ ಮಾತ್ರ, ಸಂಖ್ಯೆಯಿಲ್ಲ. ವಿಂಗಡಿಸಿ, ಉಳಿಸಿ, ಫೈಲನ್ನು ಮುಚ್ಚಿದರೆ, ಬೇರೆ ಪ್ರತಿ ಇಲ್ಲದಾಗ ಹಿಂದಿನ ಸರದಿ ಹೋದದ್ದೇ. ಆದ್ದರಿಂದ ವಿಂಗಡಿಸುವ ಮೊದಲು ಪ್ರತಿ ಶೀರ್ಷಿಕೆಗೂ ಗರಿಸಂಖ್ಯೆಯಂತೆ ಒಂದು ಅಂಕೆ ಕೊಟ್ಟಿಡುವುದು ಜಾಣತನ.

ನಮ್ಮ ಕಡೆಯಲ್ಲಿ ಕೋಲಕ್ಕೆ ದೈವಗಳು ಬರುವ ಸರದಿಯೂ ಕಟ್ಟುಕಟ್ಟಳೆಗೆ ಸೇರಿದ್ದು. ಹಿರಿಯರು ಹೇಳಿದ ಇಂಥ ಸಂಗತಿಗಳನ್ನು ಈಗ ಕಂಪ್ಯೂಟರಿಗೆ ಏರಿಸುತ್ತಿದ್ದೇವೆ. ಅವರು ಯಾವುದನ್ನು ಮೊದಲು ಹೇಳಿದರು, ಯಾವುದನ್ನು ಕೊನೆಗೆ ಉಳಿಸಿದರು ಎಂಬುದೂ ಅವರು ಹೇಳಿದ ಮಾತೇ. ಹೆಸರುಗಳನ್ನು ಅಕಾರಾದಿಯಲ್ಲಿ ನಿಲ್ಲಿಸಿದರೆ ಪುಟ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ. ಆದರೆ ಹೇಳಿದವರು ತೀರಿಹೋದ ಮೇಲೆ ಆ ಸರದಿಯನ್ನು ಕೇಳಿ ತಿಳಿಯುವುದು ಯಾರಲ್ಲಿ? ಅಕಾರಾದಿ ಪುಸ್ತಕದ ಕೊನೆಯ ಸೂಚಿಯಲ್ಲಿ ಧಾರಾಳವಾಗಿ ಇರಲಿ. ಒಳಪುಟಗಳಿಗೆ ಹೇಳಿದವರ ಸರದಿಯೇ ಇರಲಿ.