ಒಂಬತ್ತು ತಿಂಗಳು ಬಾಳಿದ ಗುರಿ

ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರು ತುಂಬಿದ 2024ರ ಡಿಸೆಂಬರಿನಲ್ಲಿ ಬಂದ ಲೇಖನಗಳನ್ನೂ ಆದ ಭಾಷಣಗಳನ್ನೂ ಸೋಸಿ ನೋಡಿದರೆ ಕೊನೆಗೆ ಒಂದು ಬಾವಿ, ಗಾಂಧೀಜಿಗೆಂದು ಕಟ್ಟಿದ ಒಂದು ಗುಡಿಸಲು, ಎರಡು ಹಾಡು ಉಳಿಯುತ್ತವೆ. ತಿಲಕವಾಡಿಯ ಬಯಲಿಗೆ ವಿಜಯನಗರವೆಂದು ಹೆಸರಿಟ್ಟದ್ದು, ನೀರಿಗಾಗಿ ಪಂಪಾ ಸರೋವರವೆಂಬ ಬಾವಿ ತೋಡಿಸಿದ್ದು, ಅದಕ್ಕೆ 4,370 ರೂಪಾಯಿ 3 ಆಣೆ ಖರ್ಚಾದದ್ದು, ಹುಯಿಲಗೋಳ ನಾರಾಯಣರಾಯರ ಗೀತೆ ಮೊಳಗಿದ್ದು, ಬಾಲಕಿ ಗಂಗೂಬಾಯಿ ಹಾನಗಲ್ ಹಾಡಿದ್ದು, ಇವೆಲ್ಲ ನಮ್ಮ ಜಿಲ್ಲೆಯವರಿಗೆ ಬಾಯಿಪಾಠ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಎಂಬ ಮಾತನ್ನಂತೂ ಕಾಂಗ್ರೆಸ್ ರೋಡಿನ ಚಹಾದಂಗಡಿಯಲ್ಲೂ ಹೇಳಿಯಾರು. ಬಾವಿಯ ಆಣೆ ಲೆಕ್ಕವನ್ನೂ ಮರೆಯದ ನಾವು ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಅಷ್ಟು ಜನ ಅಷ್ಟು ದೂರದಿಂದ ಬಂದು ಕೂತು ಮುಂದಿನ ವರ್ಷಕ್ಕೆಂದು ಏನು ಗೊತ್ತುಮಾಡಿದರು? ಅದು ಆಯಿತೋ, ಇಲ್ಲವೋ?

ಗೊತ್ತುಮಾಡಿದ್ದು ಇಷ್ಟು. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದವನು ಇನ್ನು ಮೇಲೆ ನಾಲ್ಕಾಣೆ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ತಿಂಗಳಿಗೆ 2,000 ಗಜ, ವರ್ಷಕ್ಕೆ 24,000 ಗಜ, ಒಂದೇ ಸಮನಾಗಿ ನೂತ ನೂಲು ಕೊಡಬೇಕು. ಸಭೆಗೆ, ಪಕ್ಷದ ಕೆಲಸಕ್ಕೆ ಬರುವಾಗ ಖಾದಿ ಉಡಬೇಕು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ವರ್ಷದ ಗುರಿ ಹೇಗಿರಬೇಕು ಎನ್ನುವುದಕ್ಕೆ ನಮ್ಮ ನೆಲದಲ್ಲಿ ಹುಟ್ಟಿದ ಅತ್ಯುತ್ತಮ ಮಾದರಿ ಇದು. ಇದನ್ನು ಕೊಂದದ್ದು ಹೊರಗಿನವರು ಯಾರೂ ಅಲ್ಲ, ಅದರ ಹೊಟ್ಟೆಯಲ್ಲೇ ಇದ್ದ ಒಂದು ಸಣ್ಣ ವಿನಾಯಿತಿ.

ಹೊಸ ವರ್ಷದ ಗುರಿ ಬರೆಯುವುದು ಈಗ ಒಂದು ಹಬ್ಬವೇ ಆಗಿದೆ. ಖಾನಾಪುರ, ನಂದಗಡ, ಬೀಡಿ ಎನ್ನದೆ ಮಾಸ್ತರರಿಂದ ಹಿಡಿದು ವಿಮೆ ಮಾಡಿಸುವವರ ತನಕ ಎಲ್ಲರ ಕೈಗೂ ಡಿಸೆಂಬರಿನಲ್ಲಿ ಒಂದು ಹಾಳೆ ಬರುತ್ತದೆ. ಎಡಕ್ಕೆ ವೈಯಕ್ತಿಕ ಗುರಿ, ಬಲಕ್ಕೆ ವೃತ್ತಿಯ ಗುರಿ. ಗುರಿ ಖಚಿತವಾಗಿರಲಿ, ಅಳತೆಗೆ ಸಿಗಲಿ, ಕೈಗೆಟುಕಲಿ, ಗಡುವು ಇರಲಿ ಎಂದು ತರಬೇತಿಗೆ ಬಂದವರು ಹೇಳುತ್ತಾರೆ. ಇದಕ್ಕೆ ‘ಸ್ಮಾರ್ಟ್’ ಎಂದು ಹೆಸರು. 1981ರಲ್ಲಿ ಜಾರ್ಜ್ ಡೊರಾನ್ ಎಂಬಾತ ಒಂದು ಆಡಳಿತ ಪತ್ರಿಕೆಯಲ್ಲಿ ಬರೆದದ್ದು. ನಮ್ಮ ತರಬೇತುದಾರರು ಅದನ್ನು ಪೀಟರ್ ಡ್ರಕರ್‌ನ ತಲೆಗೆ ಕಟ್ಟುತ್ತಾರೆ, ಇರಲಿ. ಆ ಹಾಳೆಯ ಎಲ್ಲ ಮನೆಗಳನ್ನೂ ಬೆಳಗಾವಿಯ ಠರಾವು ಐವತ್ತಾರು ವರ್ಷ ಮೊದಲೇ ತುಂಬಿತ್ತು. ತುಂಬಿಯೂ ನೆಲಕಚ್ಚಿತು. ಗುರಿ ಸೋಲುವುದು ಅಸ್ಪಷ್ಟವಾಗಿದ್ದರಿಂದ ಎಂದು ಪಾಠ ಹೇಳುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಈ ಠರಾವಿನ ಹಿರಿಮೆ ತಿಳಿಯಬೇಕಾದರೆ ಅದರ ಹಿಂದಿನ ಗುರಿಗಳನ್ನು ನೋಡಬೇಕು. 1920ರ ಕೊನೆಗೆ ನಾಗಪುರದಲ್ಲಿ ಹಬ್ಬಿದ ಮಾತು ಒಂದು ವರ್ಷದಲ್ಲಿ ಸ್ವರಾಜ್ಯ. 1921ರ ಮಾರ್ಚಿನಲ್ಲಿ ಬೆಜವಾಡದಲ್ಲಿ ಹಾಕಿಕೊಂಡದ್ದು ಒಂದು ಕೋಟಿ ಸದಸ್ಯರು, ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಊರೂರಿಗೆ ಇಪ್ಪತ್ತು ಲಕ್ಷ ರಾಟಿ. ಗಡುವು ಜೂನ್ 30. ದುಡ್ಡು ಕೂಡಿತು, ಸ್ವರಾಜ್ಯ ಬರಲಿಲ್ಲ. ಆಮೇಲೆ ಚೌರಿಚೌರಾದ ಹಿಂಸೆ, ಆಮೇಲೆ ಗಾಂಧೀಜಿಗೆ ಯರವಡಾ ಜೈಲು. ಇಷ್ಟಾಗಿ 1924ರ ಫೆಬ್ರುವರಿಯಲ್ಲಿ ಬಿಡುಗಡೆಯಾಗಿ ಬಂದ ಮನುಷ್ಯ ಕೋಟಿಗಳ ಮಾತು ಬಿಟ್ಟು ಗಜಗಳ ಮಾತಿಗೆ ಇಳಿದದ್ದನ್ನು ಹಲವರು ಹಠ ಎಂದರು, ಕೆಲವರು ನಿವೃತ್ತಿ ಎಂದರು. ನನಗೆ ಇದು ಬುದ್ಧಿ ಬಲಿತ ಲಕ್ಷಣವಾಗಿ ಕಾಣುತ್ತದೆ. ಸರಕಾರ ಏನು ಮಾಡುತ್ತದೆ, ಪಕ್ಕದವನು ಏನು ಮಾಡುತ್ತಾನೆ ಎಂಬುದರ ಹಂಗಿಲ್ಲದೆ ಒಬ್ಬ ಮನುಷ್ಯ ದಿನಾ ಅರ್ಧ ಗಂಟೆ ಕೂತು ಮಾಡಿ ಮುಗಿಸಬಹುದಾದ ಕೆಲಸವನ್ನು ಗುರಿಯಾಗಿ ಇಟ್ಟದ್ದು ಅದೇ ಮೊದಲು.

ಸ್ವಲ್ಪ ಲೆಕ್ಕ ಹಾಕೋಣ. ತಿಂಗಳಿಗೆ 2,000 ಗಜ ಎಂದರೆ ದಿನಕ್ಕೆ 67 ಗಜ. ಹಂಜಿ ಚೆನ್ನಾಗಿದ್ದು ಕದಿರು ನೆಟ್ಟಗಿದ್ದರೆ ಕೈ ಪಳಗಿದವರಿಗೆ ಅರ್ಧ ಗಂಟೆ ಬೇಡ; ಹೊಸಬರಿಗೆ ಎಳೆ ಹರಿದು ಹರಿದು ಗಂಟೆಯೂ ಸಾಲದು. ವರ್ಷದ 24,000 ಗಜ ಸುಮಾರು 22 ಕಿಲೋಮೀಟರ್. ಬೆಳಗಾವಿಯಲ್ಲಿ ಒಂದು ತುದಿ ಕಟ್ಟಿ ಎಳೆಯುತ್ತ ಹೊರಟರೆ ಖಾನಾಪುರ ಇನ್ನೂ ಮೂರು ನಾಲ್ಕು ಕಿಲೋಮೀಟರ್ ಇರುವಾಗಲೇ ನೂಲು ತೀರುತ್ತದೆ. ಬಟ್ಟೆಯ ಲೆಕ್ಕದಲ್ಲಿ ಇನ್ನೂ ಕಡಿಮೆ. ಅಂಗುಲಕ್ಕೆ ಹಾಸು ನಲವತ್ತು, ಹೊಕ್ಕು ನಲವತ್ತು ಎಳೆ ಇರುವ ಸಾದಾ ಖಾದಿ ಒಂದು ಚದರ ಗಜ ನೇಯಲು 2,880 ಗಜ ನೂಲು ಬೇಕು. ಅಂದರೆ ತಿಂಗಳ ಪಾಲಿನಲ್ಲಿ ಒಂದು ಚದರ ಗಜವೂ ಆಗದು. ಇಡೀ ವರ್ಷದ ನೂಲಿಗೆ ಎಂಟು ಚದರ ಗಜ ಬಟ್ಟೆ, ಒಂದು ಧೋತರ, ಬಹಳವಾದರೆ ಮೇಲೊಂದು ಅಂಗಿ. ಸದಸ್ಯನು ಉಡಲೇಬೇಕಾದ ಖಾದಿಗೆ ಅವನದೇ ನೂಲು ಸಾಕಾಗುವುದಿಲ್ಲ. ಆದ್ದರಿಂದ ಇದು ಬಟ್ಟೆಯ ಗುರಿ ಅಲ್ಲ. ಮ್ಯಾಂಚೆಸ್ಟರಿನ ಮಿಲ್ಲು ಮುಚ್ಚಿಸುವ ಲೆಕ್ಕವಂತೂ ಅಲ್ಲವೇ ಅಲ್ಲ. ಒಬ್ಬ ವಕೀಲ, ಒಬ್ಬ ಜಮೀನ್ದಾರ, ಒಬ್ಬ ಪ್ರೊಫೆಸರ್ ದಿನಕ್ಕೊಮ್ಮೆ ನೆಲದ ಮೇಲೆ ಕೂತು ಕೈಯಿಂದ ದುಡಿದನೋ ಇಲ್ಲವೋ ಎಂಬುದನ್ನು ತಿಂಗಳ ಕೊನೆಗೆ ಎಣಿಸಿ ನೋಡುವ ಉಪಾಯ. ಬೆಳಗಾವಿಯ ಅಧ್ಯಕ್ಷ ಭಾಷಣದಲ್ಲಿ ಗಾಂಧೀಜಿ ಮುಂದಿನ ಸ್ವರಾಜ್ಯದ ಚಿತ್ರ ಕೊಡುವಾಗಲೂ ಮತದ ಹಕ್ಕಿಗೆ ಆಸ್ತಿ, ಅಂತಸ್ತು ಆಧಾರವಾಗಬಾರದು, ಮೈ ದುಡಿಮೆ ಆಧಾರವಾಗಬೇಕು ಎಂಬರ್ಥದ ಮಾತಾಡಿದರು. ನೂಲಿನ ಠರಾವು ಆ ದೊಡ್ಡ ಮಾತಿನ ಮೊದಲ ಪ್ರಯೋಗ.

ಇಲ್ಲಿಗೆ ಹೊಗಳಿಕೆ ಸಾಕು. ಠರಾವಿನಲ್ಲಿ ಮುಂದಿನ ಸಾಲು ಬರುತ್ತದೆ. ಸದಸ್ಯನು ತಾನೇ ನೂತದ್ದನ್ನು ಕೊಡಬೇಕು. ಕಾಯಿಲೆ ಇದ್ದರೆ, ಮನಸ್ಸಿಲ್ಲದಿದ್ದರೆ, ಅಂಥ ಮತ್ತಾವುದೋ ಕಾರಣವಿದ್ದರೆ ಬೇರೆಯವರು ನೂತ ಅಷ್ಟೇ ನೂಲನ್ನು ತಂದು ಕೊಡಬಹುದು.

ಕಾಯಿಲೆ ಒಪ್ಪಿದೆ. ಜ್ವರ ಬಂದವನನ್ನು ರಾಟಿಯ ಮುಂದೆ ಕೂರಿಸುವುದು ನ್ಯಾಯವಲ್ಲ. ಮನಸ್ಸಿಲ್ಲದಿರುವುದು ಹೇಗೆ ಕಾಯಿಲೆಯ ಪಕ್ಕ ಬಂದು ಕೂತಿತು? ಇಡೀ ಗುರಿ ಇದ್ದದ್ದೇ ಮನಸ್ಸಿಲ್ಲದವನನ್ನು ಕೂರಿಸುವುದಕ್ಕೆ. ಮನಸ್ಸಿದ್ದವನಿಗೆ ಠರಾವು ಬೇಕಿರಲಿಲ್ಲ, ಅವನು ಸಬರಮತಿ ಆಶ್ರಮದಲ್ಲೋ ತನ್ನ ಮನೆಯಲ್ಲೋ ಆಗಲೇ ನೂಲುತ್ತಿದ್ದ. ಮೂರನೆಯದು, ‘ಅಂಥ ಮತ್ತಾವುದೋ ಕಾರಣ’, ಅದಂತೂ ಅಗಸೆಬಾಗಿಲು. ಮೊದಲೆರಡರಲ್ಲಿ ನುಸುಳಲಾರದವರು ಅದರಲ್ಲಿ ಗಾಡಿ ಹೊಡೆದುಕೊಂಡು ಹೋಗಬಹುದು. ದುಡ್ಡಿದ್ದವನು ಪೇಟೆಯಲ್ಲಿ 2,000 ಗಜ ಕೊಂಡು ತಂದು ಒಪ್ಪಿಸಿದರೆ ಅವನು ಸದಸ್ಯ. ಆ ನೂಲನ್ನು ಮಾರಿದ ಬಡ ಹೆಂಗಸು ತನ್ನ ಹೆಸರಿನಲ್ಲಿ ಮತ್ತೆ 2,000 ಗಜ ಪುಕ್ಕಟೆ ಕೊಟ್ಟರೆ ಮಾತ್ರ ಸದಸ್ಯೆ. ದುಡಿಮೆಯನ್ನೇ ಚಂದಾ ಮಾಡಹೊರಟ ನಿಯಮ, ಒಂದೇ ವಾಕ್ಯದ ಒಳಗೆ, ದುಡಿದವಳನ್ನು ಹೊರಗಿಟ್ಟು ಕೊಂಡವನನ್ನು ಒಳಗೆ ಕರೆಯಿತು. ನಾಲ್ಕಾಣೆಯ ಚಂದಾ ಇದಕ್ಕಿಂತ ಪ್ರಾಮಾಣಿಕವಾಗಿತ್ತು. ಅದು ದುಡ್ಡೆಂದು ಹೇಳಿಯೇ ದುಡ್ಡು ಕೇಳುತ್ತಿತ್ತು.

ಈ ಸಾಲು ಎಲ್ಲಿಂದ ಬಂತು ಎಂಬುದು ಗುಟ್ಟಲ್ಲ. 1924ರ ಜೂನ್‌ನಲ್ಲಿ ಅಹಮದಾಬಾದಿನ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆಯಲ್ಲಿ ಗಾಂಧೀಜಿ ಇನ್ನೂ ಕಟುವಾದ ರೂಪ ತಂದಿದ್ದರು: ಪದಾಧಿಕಾರಿಗಳು ತಿಂಗಳಿಗೆ 2,000 ಗಜ ನೂತು ಕಳಿಸಬೇಕು, ತಪ್ಪಿದರೆ ಪದವಿ ಬಿಡಬೇಕು. ಮೋತಿಲಾಲ್ ನೆಹರೂ ಮತ್ತು ಕಾಂಗ್ರೆಸ್ಸಿನ ಒಳಗೇ ಇದ್ದ ಸ್ವರಾಜ್ಯ ಪಕ್ಷದವರು ಎದ್ದು ಹೊರನಡೆದರು. ದಂಡದ ಮಾತು ಮತಕ್ಕೆ ಬಿದ್ದು ಗೆದ್ದಿತು; ಗೆದ್ದ ರೀತಿ ಕಂಡು ಗಾಂಧೀಜಿಯೇ ಅದನ್ನು ತೆಗೆಸಿದರು, ತಾನು ಸೋತೆ ಎಂದು ಬರೆದುಕೊಂಡರು. ನವೆಂಬರಿನಲ್ಲಿ ಕಲಕತ್ತೆಯಲ್ಲಿ ಚಿತ್ತರಂಜನ ದಾಸ್ ಮತ್ತು ಮೋತಿಲಾಲರ ಜೊತೆ ಒಪ್ಪಂದವಾಯಿತು. ಮನಸ್ಸಿಲ್ಲದವರ ವಿನಾಯಿತಿ ಹುಟ್ಟಿದ್ದು ಆ ಒಪ್ಪಂದದಲ್ಲಿ. ಬೆಳಗಾವಿ ಅದಕ್ಕೆ ಮೊಹರು ಒತ್ತಿತು. ಕಾಂಗ್ರೆಸ್ ಒಡೆಯದಂತೆ ಕಾಯಲು ಇದು ಬೇಕಿತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಒಪ್ಪುತ್ತೇನೆ. ಹಾಗಾದರೆ ಅದನ್ನು ರಾಜಿ ಎಂದು ಕರೆಯಿರಿ, ರಾಜಿಯಾಗಿ ಬೆಲೆ ಕಟ್ಟಿರಿ. ರಾಜಿಯನ್ನು ಗುರಿಯ ಒಳಗೇ ಹೊಲಿದು, ಆಮೇಲೆ ಗುರಿಯನ್ನು ಐತಿಹಾಸಿಕ ಎಂದು ಕೊಂಡಾಡುವುದು ಲೆಕ್ಕ ತಪ್ಪಿಸುವ ಕೆಲಸ.

ಬೇರೆಯವರು ನೆರವಾಗುವುದೇ ತಪ್ಪು ಎಂಬ ಕಠಿಣ ಮಾತು ನನ್ನದಲ್ಲ. ಬೀಡಿಯಂಥ ಊರಿನ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಕೂತು ನೋಡಿ. ಅಲ್ಲಿಯೂ ವರ್ಷದ ಗುರಿ ಇದೆ: ಮಗಳ ಕಾಲೇಜು ಫೀಜು, ಎಮ್ಮೆ, ಹೊಲಿಗೆ ಯಂತ್ರ. ಅದನ್ನು ವಾರದ ಕಂತಾಗಿ ಒಡೆದು ಪಾಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಒಬ್ಬಾಕೆಗೆ ಕೂಲಿ ಸಿಗದೆ ಕಂತು ತಪ್ಪಿತು ಅನ್ನಿ, ಪಕ್ಕದಾಕೆ ಕಟ್ಟುತ್ತಾಳೆ. “ಈ ವಾರ ನಿಂದು ನಾ ಕಟ್ಟೇನಿ, ಮುಂದಿನ ವಾರ ತಂದ ಕೊಡಬೇಕ ನೋಡವಾ” ಅನ್ನುವ ಮಾತು ಎಲ್ಲರ ಕಿವಿಗೂ ಬೀಳುವಂತೆ ಆಗುತ್ತದೆ. ಕಟ್ಟಿದಾಕೆಯ ಹೆಸರು ಅಳಿಸುವುದಿಲ್ಲ, ತಪ್ಪಿದಾಕೆಯ ಬಾಕಿಯೂ ಅಳಿಸುವುದಿಲ್ಲ. ಬೆಳಗಾವಿಯ ವಿನಾಯಿತಿಯಲ್ಲಿ ಎರಡೂ ಅಳಿಸಿಹೋದವು. ದೇಶದ ಅತಿ ಬುದ್ಧಿವಂತ ವಕೀಲರು ಕೂತು ಬರೆದ ಕರಾರಿಗಿಂತ ಈ ಹೆಂಗಸರ ರೂಢಿ ಗಟ್ಟಿ.

ಫಲ ತಡವಾಗಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ನಿಯಮವನ್ನು ಬದಲಿಸಿತು. ವರ್ಷಕ್ಕೆ ನಾಲ್ಕಾಣೆ ಕೊಡಿ, ಇಲ್ಲವೇ ನೀವೇ ನೂತ 2,000 ಗಜ ನೂಲು ಕೊಡಿ. ತಿಂಗಳಿಗಲ್ಲ, ವರ್ಷಕ್ಕೆ. ಒಂಬತ್ತು ತಿಂಗಳಲ್ಲಿ ಗುರಿ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯಿತು, ಅದೂ ಬೇಕಾದವರಿಗೆ. ಒಂದು ಸೂಕ್ಷ್ಮವನ್ನು ಯಾರೂ ಗಮನಿಸಿದಂತಿಲ್ಲ: ಪಾಟ್ನಾದ ನಿಯಮದಲ್ಲಿ ಬೇರೆಯವರ ನೂಲಿಗೆ ಜಾಗವಿಲ್ಲ. ನೂಲು ಕೊಡುವುದಾದರೆ ಸ್ವಂತದ್ದೇ ಆಗಬೇಕು, ಆಗದಿದ್ದರೆ ದುಡ್ಡು. ಸೋಲೊಪ್ಪಿದ ಪಾಟ್ನಾದ ನಿಯಮವೇ ಬೆಳಗಾವಿಯ ನಿಯಮಕ್ಕಿಂತ ನೇರವಾಗಿದೆ. ಖಾದಿಯ ವ್ಯಾಪಾರ, ಕೂಲಿ, ತರಬೇತಿ ನೋಡಿಕೊಳ್ಳಲು ಅಖಿಲ ಭಾರತ ಚರಕಾ ಸಂಘ ಬೇರೆಯಾಗಿ ಹುಟ್ಟಿದ್ದು ಅದೇ ಸಭೆಯಲ್ಲಿ. ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅಧ್ಯಕ್ಷತೆಯ ಕಾನಪುರ ಅಧಿವೇಶನ ಎಲ್ಲಕ್ಕೂ ಒಪ್ಪಿಗೆ ಕೊಟ್ಟಿತು.

ಅದೇ ಸೆಪ್ಟೆಂಬರಿನಲ್ಲಿ ರವೀಂದ್ರನಾಥ ಠಾಕೂರರು ‘ಮಾಡರ್ನ್ ರಿವ್ಯೂ’ದಲ್ಲಿ ಚರಕದ ಆರಾಧನೆಯ ವಿರುದ್ಧ ಬರೆದರು. ನೂಲಿನ ಮಾತು ಬಂದಾಗಲೆಲ್ಲ ನಮ್ಮ ವಿಮರ್ಶಕರು ಆ ಲೇಖನವನ್ನು ಬ್ರಹ್ಮಾಸ್ತ್ರದಂತೆ ತೆಗೆಯುತ್ತಾರೆ. ಎಲ್ಲರನ್ನೂ ಒಂದೇ ಕೆಲಸಕ್ಕೆ ಹಚ್ಚಿದರೆ ಮನಸ್ಸು ಜಡವಾಗುತ್ತದೆ ಎಂಬುದು ಕವಿಯ ಆಕ್ಷೇಪ. ದೊಡ್ಡವರ ದೊಡ್ಡ ಆಕ್ಷೇಪ, ಆದರೆ ಗುರಿ ತಪ್ಪಿದ ಬಾಣ. ದಿನಕ್ಕೆ ಅರ್ಧ ಗಂಟೆಯ ಒಂದೇ ಬಗೆಯ ಕೆಲಸದಿಂದ ಜಡವಾಗುವ ಮನಸ್ಸು ಅದಕ್ಕೂ ಮೊದಲೇ ಬಹಳ ಚುರುಕಾಗಿತ್ತು ಎನ್ನಲಾಗದು. ತಂಬೂರಿ ಹಿಡಿದು ವರ್ಷಗಟ್ಟಲೆ ಒಂದೇ ಷಡ್ಜ ಹಚ್ಚಿದವರ ನಾಡು ಧಾರವಾಡ, ಅಲ್ಲಿ ಹೋಗಿ ಈ ವಾದ ಹೂಡಲಿ ನೋಡೋಣ. ಎಲ್ಲರನ್ನೂ ನೂಲಿಸಿ ಠರಾವು ಕೆಡಲಿಲ್ಲ. ನೂಲದವರನ್ನೂ ನೂತವರ ಪಟ್ಟಿಗೆ ಸೇರಿಸಿಕೊಂಡು ಕೆಟ್ಟಿತು. ಕವಿ ಇಲ್ಲದ ದಬ್ಬಾಳಿಕೆಯನ್ನು ಟೀಕಿಸಿದರು, ಇದ್ದ ಸಡಿಲನ್ನು ನೋಡಲಿಲ್ಲ. ಅವರನ್ನು ಉದ್ಧರಿಸುವ ನಮ್ಮವರೂ ನೋಡಿಲ್ಲ.

ಗಂಗಾಧರರಾವ್ ದೇಶಪಾಂಡೆಯವರ ಮಾತು ಬಾರದೆ ಬೆಳಗಾವಿಯ ಕಥೆ ಮುಗಿಯದು. ಅಧಿವೇಶನವನ್ನು ಹೊತ್ತು ನಡೆಸಿದವರು ಅವರು. ಅದಕ್ಕಾಗಿಯೇ ಅವರನ್ನು ನೆನೆಯುತ್ತೇವೆ. ನನ್ನ ದೃಷ್ಟಿಯಲ್ಲಿ ಅವರ ಹೆಚ್ಚಿನ ಕೆಲಸ ಡೇರೆ ಕಿತ್ತ ಮೇಲಿನದು. ತಮ್ಮ ಊರಾದ ಹುದಲಿಯಲ್ಲಿ ರಾಟಿ ನಿಲ್ಲದಂತೆ ನೋಡಿಕೊಂಡರು. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆಂದು ಗಾಂಧೀಜಿ ಆ ಹಳ್ಳಿಗೇ ಬಂದು ಉಳಿದರು. ಹುದಲಿಯ ಹೆಣ್ಣುಮಕ್ಕಳು ಇಂದಿಗೂ ಅಂಬರ ಚರಕದ ಮೇಲೆ ನೂಲು ತೆಗೆಯುತ್ತಾರೆ, ಲಡಿ ಎಣಿಸಿ ಕೂಲಿ ಪಡೆಯುತ್ತಾರೆ. ಕೂಲಿ ಸಾಲದು ಎಂಬ ದೂರು ಇದ್ದೇ ಇದೆ, ಅದು ನ್ಯಾಯವಾದದ್ದೇ. ಆದರೆ ಅಲ್ಲಿ ಯಾರ ಲಡಿಯೂ ಇನ್ನೊಬ್ಬರ ಹೆಸರಿಗೆ ಬೀಳುವುದಿಲ್ಲ. ಅಧಿವೇಶನದ ಠರಾವಿಗೆ ಇಲ್ಲದ ಬಾಳಿಕೆ ಈ ಲೆಕ್ಕದ ಪುಸ್ತಕಕ್ಕೆ ಬಂತು.

ಶತಮಾನೋತ್ಸವದ ಎರಡನೆಯ ದಿನದ ಕಾರ್ಯಕ್ರಮ ಮನಮೋಹನ್ ಸಿಂಗ್ ತೀರಿಕೊಂಡದ್ದರಿಂದ ಮುಂದೆ ಹೋಗಿ, 2025ರ ಜನವರಿ 21ರಂದು ಸಮಾವೇಶ ನಡೆಯಿತು. ಅಲ್ಲಿಯೂ ಬಾವಿ ಇತ್ತು, ನೂಲು ಇರಲಿಲ್ಲ. ಅಧಿವೇಶನದ ನೆನಪಿಗೆ ನಿಂತ ತಿಲಕವಾಡಿಯ ವೀರಸೌಧಕ್ಕೆ ಶಾಲೆಯ ಮಕ್ಕಳನ್ನು ಕರೆತರುವ ಮಾಸ್ತರರಿಗೆ, ಸೌಧವನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ ನನ್ನ ಕೋರಿಕೆ ಒಂದೇ. 24,000 ಗಜದ ಠರಾವನ್ನು ಕನ್ನಡದಲ್ಲಿ ಪೂರ್ತಿಯಾಗಿ, ಮನಸ್ಸಿಲ್ಲದವರ ವಿನಾಯಿತಿಯ ಸಾಲನ್ನೂ ಬಿಡದೆ, ಗೋಡೆಯ ಮೇಲೆ ಬರೆಸಿರಿ. ಅದರ ಕೆಳಗೆ 1925ರ ಸೆಪ್ಟೆಂಬರಿನ ಪಾಟ್ನಾ ನಿರ್ಣಯವನ್ನೂ ತಾರೀಖು ಸಮೇತ ಬರೆಸಿರಿ.